ಮಿಲಿಟರಿ ಲಾರಿಗೆ ಡೀಸೆಲ್ ಎಂಜಿನ್: ಬಿಚ್ಚುವ ಮೊದಲು ಬರೆಯಬೇಕಾದ ಲೆಕ್ಕ

ಬೆಂಗಳೂರಿನಿಂದ ಕನಕಪುರ, ಸಾತನೂರುಗಳ ಮೂಲಕ ಮಳವಳ್ಳಿ, ಕೊಳ್ಳೇಗಾಲಗಳತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ಮಳವಳ್ಳಿಗೆ ಮೊದಲು ಸಿಗುವ ದೊಡ್ಡ ಊರು ಹಲಗೂರು. ಹಿಂದೆ 209 ಎಂಬ ಸಂಖ್ಯೆಯಿದ್ದ ಈ ಹೆದ್ದಾರಿಗೆ ಈಗ 948 ಎಂಬ ಸಂಖ್ಯೆ ಬಂದಿದೆ. ಊರಿನಿಂದ ಒಂದು ಕವಲು ಮುತ್ತತ್ತಿಯ ಕಾಡು ಮತ್ತು ಕಾವೇರಿಯ ದಡದತ್ತ ಇಳಿಯುತ್ತದೆ. ಸುತ್ತಲೂ ರಾಗಿ, ಹಿಪ್ಪುನೇರಳೆ, ತೆಂಗು ಮತ್ತು ಅಲ್ಲಲ್ಲಿ ನೀಲಗಿರಿ ತೋಪುಗಳಿರುವ ಏರುತಗ್ಗಿನ ಭೂಮಿ. ಹೆದ್ದಾರಿಯ ಡಾಂಬರು ಬಿಟ್ಟು ತೋಪಿನೊಳಕ್ಕೆ ಇಳಿದರೆ, ಮಳೆಗಾಲದಲ್ಲಿ ಸಾಧಾರಣ ಲಾರಿಯ ಹಿಂದಿನ ಗಾಲಿಗಳು ಕೆಸರಿನಲ್ಲಿ ಸುತ್ತುತ್ತವೆಯೇ ಹೊರತು ಮುಂದಕ್ಕೆ ಸಾಗುವುದಿಲ್ಲ.

ಇಂತಹ ಸ್ಥಳದಲ್ಲಿ ಮರ ಸಾಗಿಸುವ ಗುತ್ತಿಗೆದಾರನೊಬ್ಬನಿಗೆ ನಾಲ್ಕೂ ಗಾಲಿಗಳಿಗೆ ಚಾಲನೆಯಿರುವ ಹಳೆಯ ಮಿಲಿಟರಿ ಲಾರಿಯೊಂದು ಕಡಿಮೆ ಬೆಲೆಗೆ ದೊರೆಯಿತೆಂದು ಭಾವಿಸೋಣ. ಚಾಸಿ ಗಟ್ಟಿಯಾಗಿದೆ, ಆಕ್ಸಲ್‌ಗಳು ಚೆನ್ನಾಗಿವೆ, ಆದರೆ ಪೆಟ್ರೋಲ್ ಎಂಜಿನ್ ಕುಡಿಯುವ ಇಂಧನವನ್ನು ಯಾವ ಬಾಡಿಗೆಯೂ ಭರಿಸಲಾರದು. ಗ್ಯಾರೇಜಿನಲ್ಲಿ ಕೇಳಿಬರುವ ಮೊದಲ ಸಲಹೆ ಒಂದೇ: "ಡೀಸೆಲ್ ಎಂಜಿನ್ ಕೂರಿಸಿಬಿಡಿ." ಎರಡನೆಯ ಪ್ರಶ್ನೆ "ಯಾವ ಎಂಜಿನ್?" ಎಂಬುದು. ವಾಸ್ತವದಲ್ಲಿ ಇದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಕಾಗದಪತ್ರ, ಹಣ, ವೇಗ ಮತ್ತು ಜೋಡಣೆ, ಈ ನಾಲ್ಕು ಲೆಕ್ಕಗಳು ಮುಗಿದ ಮೇಲೆ ಎಂಜಿನ್ನಿನ ಆಯ್ಕೆ ಬಹುತೇಕ ತಾನಾಗಿಯೇ ಆಗಿಬಿಡುತ್ತದೆ. ಈ ಕ್ರಮವನ್ನು ತಿರುಗಿಸಿದವರ ಲಾರಿಗಳು ಗ್ಯಾರೇಜಿನ ಹಿತ್ತಲಲ್ಲೇ ಉಳಿದು, ಹಾಕಿದ ಬಂಡವಾಳ ತುಕ್ಕು ಹಿಡಿಯುತ್ತದೆ.

ಸೇನೆಯಿಂದ ಪೇಟೆಗೆ

ಮಿಲಿಟರಿ ಲಾರಿಗೆ ಡೀಸೆಲ್ ಎಂಜಿನ್ ಜೋಡಿಸುವ ಕೆಲಸ ನಮ್ಮಲ್ಲಿ ಹೊಸದಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಮಿತ್ರರಾಷ್ಟ್ರಗಳ ಸೇನೆಗಳು ಬಳಸಿದ ಫೋರ್ಡ್, ಷೆವರ್ಲೆ, ಡಾಡ್ಜ್ ಮುಂತಾದ ಲಾರಿಗಳು ಹೆಚ್ಚುವರಿ ಸಾಮಗ್ರಿಯಾಗಿ ಭಾರತದಲ್ಲಿ ಮಾರಾಟವಾದವು. ಅವುಗಳಲ್ಲಿ ಹೆಚ್ಚಿನವು ಪೆಟ್ರೋಲ್ ವಾಹನಗಳು. ಕೊಡಗು, ಮಲೆನಾಡು ಮತ್ತು ನೆರೆಯ ಮಲಬಾರಿನ ಮರದ ವ್ಯಾಪಾರಿಗಳಿಗೆ ಅವುಗಳ ನಾಲ್ಕು ಗಾಲಿಗಳ ಚಾಲನೆ ಬೇಕಾಗಿತ್ತು, ಪೆಟ್ರೋಲಿನ ಖರ್ಚು ಬೇಡವಾಗಿತ್ತು. ಇಂಗ್ಲೆಂಡಿನ ಪರ್ಕಿನ್ಸ್ ಕಂಪನಿಯ ಪಿ-6 ಎಂಬ ಆರು ಸಿಲಿಂಡರಿನ ಡೀಸೆಲ್ ಎಂಜಿನ್ ಪೆಟ್ರೋಲ್ ಲಾರಿಗಳ ಪರಿವರ್ತನೆಗೆ ಹಲವು ದೇಶಗಳಲ್ಲಿ ಹೆಸರು ಮಾಡಿತ್ತು. ಮದ್ರಾಸಿನ ಸಿಂಪ್ಸನ್ ಕಂಪನಿ 1950ರ ದಶಕದಲ್ಲಿ ಅದನ್ನು ಪರವಾನಗಿಯಡಿ ತಯಾರಿಸತೊಡಗಿತು. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೋ ಕಾರ್ಖಾನೆ ಡೀಸೆಲ್ ಎಂಜಿನ್ನಿಗೆ ಅಗತ್ಯವಾದ ಇಂಧನ ಪಂಪು ಮತ್ತು ನಾಜಲ್‌ಗಳನ್ನು ದೇಶದೊಳಗೇ ಒದಗಿಸತೊಡಗಿದ್ದರಿಂದ ಡೀಸೆಲ್ ಎಂಜಿನ್ನಿನ ದುರಸ್ತಿ ಸಣ್ಣ ಊರುಗಳ ಮಟ್ಟಕ್ಕೂ ಇಳಿಯಿತು. 2008ರಲ್ಲಿ ಆ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು.

ಅನಂತರದ ಪೀಳಿಗೆಯ ವಾಹನಗಳು ಜಬಲ್ಪುರದಲ್ಲಿ ತಯಾರಾದವು. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಡಿ ಶಕ್ತಿಮಾನ್ ಲಾರಿಯ ನಿರ್ಮಾಣ 1959ರಲ್ಲಿ ಅಲ್ಲಿನ ಗನ್ ಕ್ಯಾರೇಜ್ ಕಾರ್ಖಾನೆಯಲ್ಲಿ ಆರಂಭವಾಯಿತು. 1969ರಲ್ಲಿ ಪ್ರತ್ಯೇಕ ವಾಹನ ಕಾರ್ಖಾನೆ ಸ್ಥಾಪನೆಯಾಯಿತು. ಶಕ್ತಿಮಾನ್ ಮೂಲತಃ ಡೀಸೆಲ್ ವಾಹನ. ಅದರ ತಯಾರಿಕೆ 1996ರಲ್ಲಿ ನಿಂತಿತು. ಜಪಾನಿನ ನಿಸ್ಸಾನ್ ಕಂಪನಿಯ ಪರವಾನಗಿಯಡಿ ಬಂದ ಒಂದು ಟನ್ನಿನ ಲಾರಿ ಮತ್ತು ಜೋಂಗಾ ವಾಹನಗಳಾದರೋ 3,956 ಸಿ.ಸಿ.ಯ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಹೊತ್ತವು. ಸೇನೆಯ ಹರಾಜಿನಲ್ಲಿ ಬಂದ ಜೋಂಗಾಗಳು ಕೊಡಗಿನ ಕಾಫಿ ತೋಟಗಳಲ್ಲಿ ಡೀಸೆಲ್ ಎಂಜಿನ್ ಧರಿಸಿ ದಶಕಗಳ ಕಾಲ ದುಡಿದಿವೆ. 1996ರಲ್ಲಿ ಜಬಲ್ಪುರದ ಕಾರ್ಖಾನೆಯೇ ನಾಗರಿಕರಿಗಾಗಿ ಡೀಸೆಲ್ ಜೋಂಗಾವನ್ನು ಹೊರತಂದಿತು.

ಇತಿಹಾಸ ಹೀಗೆ ಉತ್ತೇಜನ ನೀಡುವಂತಿದ್ದರೂ ಅಂದಿನ ಎರಡು ಅನುಕೂಲಗಳು ಇಂದು ಉಳಿದಿಲ್ಲ. ಮೊದಲನೆಯದು ಕಾನೂನಿನ ಸಡಿಲಿಕೆ, ಎರಡನೆಯದು ಡೀಸೆಲ್ಲಿನ ಅಗ್ಗದ ಬೆಲೆ.

ಮೊದಲ ಲೆಕ್ಕ: ಕಾಗದಪತ್ರ

ಸೇನೆಯ ವಾಹನಗಳಿಗೆ ಮೇಲ್ಮುಖ ಬಾಣದ ಗುರುತಿನ ಪ್ರತ್ಯೇಕ ನೋಂದಣಿ ಇರುತ್ತದೆ. 1988ರ ಮೋಟಾರು ವಾಹನ ಅಧಿನಿಯಮದ 60ನೇ ಪ್ರಕರಣದ ಪ್ರಕಾರ, ಅಂತಹ ವಾಹನ ಕೇಂದ್ರ ಸರ್ಕಾರದ ಸ್ವತ್ತಾಗಿ ಉಳಿಯದ ಕ್ಷಣದಿಂದ ಸಾಮಾನ್ಯ ನೋಂದಣಿಯ ನಿಯಮಗಳು ಅದಕ್ಕೆ ಅನ್ವಯಿಸುತ್ತವೆ. ಮಂಡ್ಯ ಜಿಲ್ಲೆಯ ಖರೀದಿದಾರನಾದರೆ ಅವನ ದಾರಿ ಕೆ.ಎ. 11ರ ಮಂಡ್ಯ ಪ್ರಾದೇಶಿಕ ಸಾರಿಗೆ ಕಚೇರಿಗೆ. ಆದುದರಿಂದ ಹರಾಜಿನಲ್ಲಿ ಕೂಗುವ ಮೊದಲೇ ಷರತ್ತುಗಳ ಪಟ್ಟಿಯಲ್ಲಿ ಒಂದು ಸಂಗತಿಯನ್ನು ಓದಿ ಖಚಿತಪಡಿಸಿಕೊಳ್ಳಬೇಕು: ಮಾರಾಟವಾಗುತ್ತಿರುವುದು ನೋಂದಾಯಿಸಬಹುದಾದ ವಾಹನವೋ ಅಥವಾ ಗುಜರಿಯೋ? 2023ರ ಜನವರಿಯಲ್ಲಿ ಹೊರಬಿದ್ದು ಅದೇ ವರ್ಷದ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ಅವು ನೋಂದಾಯಿತ ಗುಜರಿ ಕೇಂದ್ರಗಳಿಗೆ ಹೋಗಬೇಕು. ರಕ್ಷಣಾ ಕಾರ್ಯಾಚರಣೆಯ ವಿಶೇಷ ವಾಹನಗಳಿಗೆ ವಿನಾಯಿತಿ ಇದೆಯಾದರೂ, ಹಳೆಯ ವಾಹನ ಖಾಸಗಿಯವರ ಕೈಗೆ ಬರುವ ದಾರಿ ಇದರಿಂದ ಕಿರಿದಾಗಿದೆ. ಈಗಾಗಲೇ ನಾಗರಿಕ ನೋಂದಣಿ ಪಡೆದು ಒಬ್ಬರಿಂದ ಒಬ್ಬರಿಗೆ ಕೈ ಬದಲಿಸಿರುವ ಲಾರಿಯೇ ಇಂದು ಹೆಚ್ಚು ಸುರಕ್ಷಿತ ಖರೀದಿ.

ಎಂಜಿನ್ ಬದಲಾವಣೆಗೆ ಸಂಬಂಧಿಸಿದ್ದು ಅದೇ ಅಧಿನಿಯಮದ 52ನೇ ಪ್ರಕರಣ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಅದು ವಿಧಿಸುತ್ತದೆ. 2019ರ ಜನವರಿ 9ರಂದು ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಿಧಿಯನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಬೇರೆ ಇಂಧನಕ್ಕೆ ಬದಲಾಯಿಸಲು ಕಾನೂನಿನಲ್ಲಿ ಬಾಗಿಲಿದೆ, ಆದರೆ ಅದು ಬ್ಯಾಟರಿ, ಸಿ.ಎನ್.ಜಿ., ಎಲ್.ಪಿ.ಜಿ., ಸೌರಶಕ್ತಿ ಮುಂತಾದವುಗಳ ಅನುಮೋದಿತ ಪರಿವರ್ತನಾ ಕಿಟ್‌ಗಳ ಮೂಲಕ ತೆರೆಯುವ ಬಾಗಿಲು. ಗುಜರಿ ಅಂಗಡಿಯಿಂದ ತಂದ ಹಳೆಯ ಡೀಸೆಲ್ ಎಂಜಿನ್ ಆ ವ್ಯಾಖ್ಯೆಯೊಳಗೆ ಸುಲಭವಾಗಿ ಬರುವುದಿಲ್ಲ. ಅನುಮತಿಯಿಲ್ಲದ ಮಾರ್ಪಾಟಿಗೆ, 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಪ್ರಕರಣದ ಪ್ರಕಾರ, ಪ್ರತಿಯೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು.

ದಂಡಕ್ಕಿಂತಲೂ ದೊಡ್ಡ ಅಪಾಯ ವಿಮೆಯದು. ನೋಂದಣಿ ಪತ್ರದಲ್ಲಿ ಪೆಟ್ರೋಲ್ ಎಂದಿದ್ದು ಚಾಸಿಯ ಮೇಲೆ ಡೀಸೆಲ್ ಎಂಜಿನ್ ಇದ್ದರೆ, ಅಪಘಾತದ ದಿನ ವಿಮಾ ಕಂಪನಿ ಆ ವ್ಯತ್ಯಾಸವನ್ನೇ ಮುಂದಿಟ್ಟು ಪರಿಹಾರವನ್ನು ನಿರಾಕರಿಸಲು ಆಸ್ಪದವಿದೆ. ಆಗ ನಷ್ಟದ ಹೊರೆ ಮಾಲೀಕನ ಮನೆ, ಜಮೀನುಗಳ ಮೇಲೆ ಬೀಳುತ್ತದೆ. ತನ್ನ ಸ್ವಂತ ತೋಪಿನಲ್ಲಿ ಮಾತ್ರ ಓಡಿಸುವೆನೆಂಬ ಸಮಾಧಾನವೂ ಪೂರ್ಣವಲ್ಲ. ಕಾರ್ಖಾನೆ ಅಥವಾ ಆವರಣದೊಳಗೆ ಮಾತ್ರ ಬಳಸಲು ವಿಶೇಷವಾಗಿ ಅಳವಡಿಸಿದ ವಾಹನಕ್ಕಷ್ಟೇ ಅಧಿನಿಯಮದ ವ್ಯಾಖ್ಯೆಯಿಂದ ಹೊರಗುಳಿಯುವ ಅವಕಾಶವಿದೆ. ತೋಪಿನಿಂದ ತೋಪಿಗೆ ಹೆದ್ದಾರಿ ದಾಟುವ ಲಾರಿ ಅದರಲ್ಲಿ ಸೇರದು.

ಹಾಗಾದರೆ ಉಳಿದಿರುವ ದಾರಿ ಯಾವುದು? ಮೂಲ ಎಂಜಿನ್ನಿನ ಜಾಗಕ್ಕೆ ಅದೇ ತಯಾರಿಕೆಯ, ಅದೇ ಮಾದರಿಯ ಇನ್ನೊಂದು ಎಂಜಿನ್ ಹಾಕುವುದು ಅತ್ಯಂತ ಸರಳ. ಶಕ್ತಿಮಾನಿನಂತಹ ಮೂಲ ಡೀಸೆಲ್ ಲಾರಿಗಳಿಗೆ ಈ ಮಾರ್ಗವೇ ಸೂಕ್ತ. ಹಿಂದಿನ ಮಾಲೀಕರ ಕಾಲದಲ್ಲೇ ಡೀಸೆಲ್ ಎಂಜಿನ್ ನೋಂದಣಿ ಪತ್ರದಲ್ಲಿ ದಾಖಲಾಗಿದ್ದರೆ, ಆ ದಾಖಲೆಗೆ ಹೊಂದುವ ಎಂಜಿನ್ನನ್ನು ಹುಡುಕುವುದು ಎರಡನೆಯ ಮಾರ್ಗ. ಇವೆರಡೂ ಅಲ್ಲದಿದ್ದರೆ ಎಂಜಿನ್ನಿಗೆ ಮುಂಗಡ ಕೊಡುವ ಮೊದಲು ಸಾರಿಗೆ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸಿ, ಲಿಖಿತ ಉತ್ತರ ಪಡೆಯುವುದೊಂದೇ ಉಪಾಯ. ಬಾಯಿಮಾತಿನ "ಆಗುತ್ತೆ ಬಿಡಿ" ಎಂಬುದು ಉತ್ತರವಲ್ಲ. ಯಾವುದೇ ಮಾರ್ಗ ಹಿಡಿದರೂ ಎಂಜಿನ್ ಬದಲಾವಣೆಯನ್ನು ಕಚೇರಿಯಲ್ಲಿ ದಾಖಲಿಸಲೇಬೇಕು. ಕೊಳ್ಳುವ ಎಂಜಿನ್ನಿಗೆ ಸಂಖ್ಯೆ ನಮೂದಿಸಿದ ಬಿಲ್ಲು ಇರಬೇಕು. ಬಿಲ್ಲಿಲ್ಲದ ಎಂಜಿನ್ ಎಷ್ಟು ಅಗ್ಗವಾದರೂ ದುಬಾರಿಯೇ.

ಹಳೆಯ ವಾಹನದ ಗೌರವಕ್ಕಾಗಿ ಕೊಳ್ಳುವವರು ಇನ್ನೊಂದು ಅಂಶವನ್ನು ನೆನಪಿಡಬೇಕು. 2021ರ ಜುಲೈಯಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮಗಳು 50 ವರ್ಷ ಮೀರಿದ ದ್ವಿಚಕ್ರ ವಾಹನ ಮತ್ತು ಕಾರುಗಳ ವರ್ಗಕ್ಕೆ ಮಾತ್ರ ಅನ್ವಯಿಸುತ್ತವೆ. ಸರಕು ಲಾರಿಗೆ ಅಲ್ಲಿ ಸ್ಥಾನವಿಲ್ಲ. ಆ ವರ್ಗಕ್ಕೆ ಸೇರುವ ವಾಹನವೂ ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಟಿಲ್ಲದೆ ಮೂಲರೂಪದಲ್ಲಿರಬೇಕು.

ಎರಡನೆಯ ಲೆಕ್ಕ: ಹಣ

ಪೆಟ್ರೋಲಿನ ಬೆಲೆ ನಿಯಂತ್ರಣ 2010ರ ಜೂನ್‌ನಲ್ಲಿಯೂ ಡೀಸೆಲ್ಲಿನದು 2014ರ ಅಕ್ಟೋಬರ್‌ನಲ್ಲಿಯೂ ರದ್ದಾಯಿತು. ಅದಕ್ಕೆ ಮೊದಲು ಸಹಾಯಧನದ ಆಸರೆಯಲ್ಲಿದ್ದ ಡೀಸೆಲ್ಲು ಪೆಟ್ರೋಲಿಗಿಂತ ಬಹಳ ಅಗ್ಗವಾಗಿತ್ತು. ಇಂದು ಆ ಅಂತರ ಕಿರಿದಾಗಿದೆ. ಆದುದರಿಂದ ಬದಲಾವಣೆಯ ಲಾಭ ಈಗ ಮುಖ್ಯವಾಗಿ ಲೀಟರಿಗೆ ದೊರೆಯುವ ಹೆಚ್ಚು ಕಿಲೋಮೀಟರುಗಳಿಂದ ಬರಬೇಕು.

ಲೆಕ್ಕದ ಅನುಕೂಲಕ್ಕಾಗಿ ಪೆಟ್ರೋಲಿಗೆ 100 ರೂಪಾಯಿ, ಡೀಸೆಲ್ಲಿಗೆ 90 ರೂಪಾಯಿ ಎಂದೂ, ಹಳೆಯ ಎಂಜಿನ್ ಲೀಟರಿಗೆ 3 ಕಿ.ಮೀ., ಹೊಸದು 5 ಕಿ.ಮೀ. ಓಡುತ್ತದೆಂದೂ ಇಟ್ಟುಕೊಳ್ಳೋಣ. ಲಾರಿ ವರ್ಷಕ್ಕೆ 6,000 ಕಿ.ಮೀ. ಓಡಿದರೆ ಪೆಟ್ರೋಲಿಗೆ 2,00,000 ರೂಪಾಯಿ, ಡೀಸೆಲ್ಲಿಗೆ 1,08,000 ರೂಪಾಯಿ ಬೇಕು. ಉಳಿತಾಯ 92,000 ರೂಪಾಯಿ. ಎಂಜಿನ್, ಜೋಡಣೆ, ರೇಡಿಯೇಟರ್, ಕೂಲಿ ಎಲ್ಲ ಸೇರಿ 3,50,000 ರೂಪಾಯಿ ಖರ್ಚಾದರೆ ಸುಮಾರು ನಾಲ್ಕು ವರ್ಷಗಳಲ್ಲಿ ಬಂಡವಾಳ ಮರಳುತ್ತದೆ. ಅದೇ ಲಾರಿ ವರ್ಷಕ್ಕೆ 1,500 ಕಿ.ಮೀ. ಮಾತ್ರ ಓಡಿದರೆ ಉಳಿತಾಯ 23,000 ರೂಪಾಯಿಗೆ ಇಳಿದು, ಬಂಡವಾಳ ಮರಳಲು 15 ವರ್ಷಗಳು ಬೇಕಾಗುತ್ತವೆ.

ಇಲ್ಲಿಯೇ ಬಹುಪಾಲು ಯೋಜನೆಗಳು ನಿಲ್ಲಬೇಕು. ತೋಪಿನೊಳಗೆ ಮರ ಎಳೆದು ರಸ್ತೆಯ ಬದಿಗೆ ತಂದಿಡುವ ಲಾರಿಯ ದಿನದ ಓಟ ಕೆಲವೇ ಕಿಲೋಮೀಟರುಗಳು. ಅಂತಹ ಕೆಲಸಕ್ಕೆ ಮೂಲ ಎಂಜಿನ್ನನ್ನು ಬೋರ್ ಮಾಡಿಸಿ, ಕಾರ್ಬ್ಯುರೇಟರ್ ಸರಿಪಡಿಸಿ ಓಡಿಸುವುದೇ ಲಾಭಕರವಾಗಬಹುದು. ಇಂಧನದ ಖರ್ಚನ್ನು ಕಿಲೋಮೀಟರಿನ ಬದಲು ಗಂಟೆಯ ಲೆಕ್ಕದಲ್ಲಿ ಬರೆದಿಟ್ಟರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಇದರೊಂದಿಗೆ, 15 ವರ್ಷ ಮೀರಿದ ವಾಹನಗಳ ನೋಂದಣಿ ನವೀಕರಣ ಮತ್ತು ಅರ್ಹತಾ ಪತ್ರದ ಶುಲ್ಕಗಳು 2022ರ ಏಪ್ರಿಲ್‌ನಿಂದ ಗಣನೀಯವಾಗಿ ಏರಿವೆ ಎಂಬುದನ್ನೂ ಖರ್ಚಿನ ಪಟ್ಟಿಯಲ್ಲಿ ಸೇರಿಸಬೇಕು.

ಮೂರನೆಯ ಲೆಕ್ಕ: ವೇಗ ಮತ್ತು ತಿರುಗುಬಲ

ಕಾಗದಪತ್ರ ಮತ್ತು ಹಣದ ಲೆಕ್ಕಗಳೆರಡೂ ಒಪ್ಪಿಗೆಯಾದರೆ ಮಾತ್ರ ಯಂತ್ರದ ಪ್ರಶ್ನೆ ಬರುತ್ತದೆ. ಪೆಟ್ರೋಲ್ ಎಂಜಿನ್ ವೇಗವಾಗಿ ತಿರುಗಿ ಶಕ್ತಿ ಕೊಡುತ್ತದೆ. ಹಳೆಯ ಲಾರಿಯ ಡೀಸೆಲ್ ಎಂಜಿನ್ ನಿಧಾನವಾಗಿ ತಿರುಗಿ ಅಷ್ಟೇ ಶಕ್ತಿಯನ್ನು ಕೊಡುತ್ತದೆ. ಈ ಒಂದು ವ್ಯತ್ಯಾಸದಿಂದ ಎರಡು ಸಮಸ್ಯೆಗಳು ಹುಟ್ಟುತ್ತವೆ.

ಮೊದಲನೆಯದು ರಸ್ತೆಯ ವೇಗ. ಟೈರು ಒಂದು ಸುತ್ತಿಗೆ 3 ಮೀಟರು ಸಾಗುತ್ತದೆ, ಆಕ್ಸಲ್ಲಿನ ಕ್ರೌನ್ ಮತ್ತು ಪಿನಿಯನ್ ಅನುಪಾತ 6.5, ಟಾಪ್ ಗೇರು ನೇರ ಎಂದು ಭಾವಿಸೋಣ. ಎಂಜಿನ್ನಿನ ನಿಮಿಷದ ಸುತ್ತುಗಳನ್ನು 60ರಿಂದಲೂ 3ರಿಂದಲೂ ಗುಣಿಸಿ, 6.5ರಿಂದಲೂ 1,000ದಿಂದಲೂ ಭಾಗಿಸಿದರೆ ಗಂಟೆಯ ವೇಗ ಕಿಲೋಮೀಟರಿನಲ್ಲಿ ದೊರೆಯುತ್ತದೆ. ನಿಮಿಷಕ್ಕೆ 3,600 ಸುತ್ತು ತಿರುಗುವ ಪೆಟ್ರೋಲ್ ಎಂಜಿನ್ ಈ ಲಾರಿಯನ್ನು ಸುಮಾರು 100 ಕಿ.ಮೀ. ವೇಗಕ್ಕೆ ಒಯ್ಯಬಲ್ಲದು. 2,400 ಸುತ್ತಿಗೆ ನಿಲ್ಲುವ ಡೀಸೆಲ್ ಎಂಜಿನ್ 66 ಕಿ.ಮೀ.ಯಲ್ಲಿಯೇ ತನ್ನ ಮಿತಿ ಮುಟ್ಟುತ್ತದೆ. ಎಂಜಿನ್ನನ್ನು ದಿನವಿಡೀ ಮಿತಿಯಲ್ಲಿ ಓಡಿಸಲಾಗದ ಕಾರಣ ನಿಜವಾದ ವೇಗ 55ರ ಆಸುಪಾಸಿನದು. ತೋಪಿನ ಕೆಲಸಕ್ಕೆ ಇದು ಸಾಕು. ಹಲಗೂರಿನಿಂದ ಬೆಂಗಳೂರಿಗೆ ದಿನಂಪ್ರತಿ ಸರಕು ಒಯ್ಯುವವನಿಗೆ ಸಾಲದು.

ಇದಕ್ಕೆ ಕ್ರೌನ್ ಮತ್ತು ಪಿನಿಯನ್ ಬದಲಾಯಿಸುವ ಪರಿಹಾರವನ್ನು ಕೆಲವರು ಸೂಚಿಸುತ್ತಾರೆ. ನಾಲ್ಕು ಗಾಲಿಗಳ ಚಾಲನೆಯ ಲಾರಿಯಲ್ಲಿ ಹಿಂದಿನ ಆಕ್ಸಲ್ಲಿನ ಅನುಪಾತ ಬದಲಾದರೆ ಮುಂದಿನದೂ ಅಷ್ಟಕ್ಕೇ ಬದಲಾಗಲೇಬೇಕು. ಇಲ್ಲವಾದರೆ ಎರಡೂ ಆಕ್ಸಲ್‌ಗಳು ಪರಸ್ಪರ ಎಳೆದಾಡಿ ಟ್ರಾನ್ಸ್‌ಫರ್ ಕೇಸಿನ ಗೇರುಗಳು ಒಡೆಯುತ್ತವೆ. ಓವರ್‌ಡ್ರೈವ್ ಇರುವ ಐದು ಗೇರಿನ ಗೇರ್‌ಬಾಕ್ಸನ್ನು ಎಂಜಿನ್ನಿನ ಜೊತೆಗೇ ತರುವುದು ಇದಕ್ಕಿಂತ ಸುಲಭ. ಅದರ ಟಾಪ್ ಗೇರಿನ ಅನುಪಾತ 0.8 ಇದ್ದರೆ 66 ಕಿ.ಮೀ. ಎಂಬುದು 83 ಆಗುತ್ತದೆ.

ಎರಡನೆಯ ಸಮಸ್ಯೆ ತಿರುಗುಬಲದ್ದು, ಅಂದರೆ ಟಾರ್ಕಿನದು. ಕಿಲೋವ್ಯಾಟಿನಲ್ಲಿರುವ ಶಕ್ತಿಯನ್ನು 9,549ರಿಂದ ಗುಣಿಸಿ ನಿಮಿಷದ ಸುತ್ತುಗಳಿಂದ ಭಾಗಿಸಿದರೆ ನ್ಯೂಟನ್ ಮೀಟರಿನಲ್ಲಿ ತಿರುಗುಬಲ ದೊರೆಯುತ್ತದೆ. 3,600 ಸುತ್ತಿನಲ್ಲಿ 80 ಕಿಲೋವ್ಯಾಟ್ ಕೊಡುವ ಎಂಜಿನ್ನಿನದು 212. 2,400 ಸುತ್ತಿನಲ್ಲಿ ಅಷ್ಟೇ ಶಕ್ತಿ ಕೊಡುವ ಎಂಜಿನ್ನಿನದು 318. ಶಕ್ತಿ ಒಂದೇ ಆದರೂ ಗೇರ್‌ಬಾಕ್ಸು, ಪ್ರೊಪೆಲ್ಲರ್ ಶಾಫ್ಟು ಮತ್ತು ಆಕ್ಸಲ್ ಶಾಫ್ಟುಗಳ ಮೇಲಿನ ಹೊರೆ ಒಂದೂವರೆ ಪಟ್ಟು. ಫಸ್ಟ್ ಗೇರು ಮತ್ತು ಟ್ರಾನ್ಸ್‌ಫರ್ ಕೇಸಿನ ಲೋ ಗೇರು ಸೇರಿದಾಗ ಈ ಹೊರೆ ಇನ್ನೂ ಹಲವು ಪಟ್ಟು ಹೆಚ್ಚುತ್ತದೆ. "ದೊಡ್ಡ ಎಂಜಿನ್ ಹಾಕಿದರೆ ಎಳೆತ ಜಾಸ್ತಿ" ಎಂಬ ಮಾತು ನಿಜ. ಆದರೆ ಆ ಎಳೆತವನ್ನು ತಡೆದುಕೊಳ್ಳಬೇಕಾದ ಆಕ್ಸಲ್ ಶಾಫ್ಟಿನ ಬಿಡಿಭಾಗ ಇಂದು ಪೇಟೆಯಲ್ಲಿ ಸಿಗುವುದು ಕಷ್ಟ. ಆದುದರಿಂದ ಮೂಲ ಎಂಜಿನ್ನಿನ ಶಕ್ತಿಗೆ ಸಮೀಪದ, ಸಾಧ್ಯವಾದರೆ ಸ್ವಲ್ಪ ಕಡಿಮೆ ಶಕ್ತಿಯ ಡೀಸೆಲ್ ಎಂಜಿನ್ನೇ ಲಾರಿಯ ಆಯುಷ್ಯಕ್ಕೆ ಹಿತ.

ನಾಲ್ಕನೆಯ ಲೆಕ್ಕ: ಜೋಡಣೆ

ಗ್ಯಾರೇಜುಗಳಲ್ಲಿ ಹೆಚ್ಚು ಪರಿಚಿತವಾದ ಟಾಟಾ ಎಂಜಿನ್‌ಗಳ ಹೆಸರಿನಲ್ಲೇ ಅವುಗಳ ಅಳತೆ ಅಡಗಿದೆ. 697 ಎಂದರೆ 97 ಮಿ.ಮೀ. ಬೋರಿನ ಆರು ಸಿಲಿಂಡರುಗಳು, ಒಟ್ಟು 5,675 ಸಿ.ಸಿ. 497 ಎಂದರೆ ಅದೇ ಬೋರಿನ ನಾಲ್ಕು ಸಿಲಿಂಡರುಗಳು, ಒಟ್ಟು 3,783 ಸಿ.ಸಿ. ನಾಲ್ಕು ಲೀಟರಿಗೆ ಸಮೀಪದ ಪೆಟ್ರೋಲ್ ಎಂಜಿನ್ನಿನ ಜಾಗಕ್ಕೆ ಮೊದಲು ಅಳೆದು ನೋಡಬೇಕಾದದ್ದು ನಾಲ್ಕು ಸಿಲಿಂಡರಿನ ಎಂಜಿನ್ನನ್ನು. ಆರು ಸಿಲಿಂಡರಿನ ಉದ್ದದ ಎಂಜಿನ್ ರೇಡಿಯೇಟರಿನ ಜಾಗವನ್ನು ನುಂಗುತ್ತದೆ, ಮುಂದಿನ ಆಕ್ಸಲ್ಲಿನ ಮೇಲೆ ಭಾರ ಹೇರುತ್ತದೆ. ಪಟ್ಟಿಗೆ ಹೆಚ್ಚುವರಿ ಪ್ಲೇಟು ಸೇರಿಸಬೇಕಾಗುತ್ತದೆ, ಸ್ಟಿಯರಿಂಗ್ ಗಡುಸಾಗುತ್ತದೆ.

ಅಳತೆ ಹಿಡಿಯಬೇಕಾದ ಸ್ಥಳಗಳನ್ನು ಕ್ರಮವಾಗಿ ಹೇಳಬಹುದು. ಮೊದಲನೆಯದು ಸಂಪು. ನಾಲ್ಕು ಗಾಲಿಗಳ ಚಾಲನೆಯ ಲಾರಿಯಲ್ಲಿ ಎಂಜಿನ್ನಿನ ಕೆಳಗೆ ಮುಂದಿನ ಆಕ್ಸಲ್ಲಿನ ಗುಂಡು ಮತ್ತು ಮುಂದಿನ ಪ್ರೊಪೆಲ್ಲರ್ ಶಾಫ್ಟು ಇರುತ್ತವೆ. ಸಂಪಿನ ಆಳವಾದ ಭಾಗ ಅವುಗಳ ಮೇಲೆ ಬಂದರೆ, ಗಾಲಿ ಗುಂಡಿಗೆ ಬಿದ್ದು ಪಟ್ಟಿಗಳು ಪೂರ್ತಿ ಕುಗ್ಗಿದಾಗ ಆಕ್ಸಲ್ ಸಂಪನ್ನು ಒಡೆಯುತ್ತದೆ. ಆದುದರಿಂದ ಅಳತೆಯನ್ನು ಲಾರಿ ಖಾಲಿ ನಿಂತಿರುವಾಗ ಮಾತ್ರವಲ್ಲದೆ ಪಟ್ಟಿಗಳು ಕುಗ್ಗಿದ ಸ್ಥಿತಿಯಲ್ಲಿಯೂ ತೆಗೆದುಕೊಳ್ಳಬೇಕು. ಎರಡನೆಯದು ಟ್ರಾನ್ಸ್‌ಫರ್ ಕೇಸು. ಅದು ಗೇರ್‌ಬಾಕ್ಸಿನಿಂದ ಪ್ರತ್ಯೇಕವಾಗಿದ್ದು ನಡುವೆ ಗಿಡ್ಡ ಶಾಫ್ಟು ಇದ್ದರೆ ಅದೃಷ್ಟ. ಎಂಜಿನ್, ಕ್ಲಚ್, ಗೇರ್‌ಬಾಕ್ಸುಗಳನ್ನು ಒಂದೇ ಸೆಟ್ಟಾಗಿ ತಂದು ಕೂರಿಸಿ, ಆ ಶಾಫ್ಟಿನ ಉದ್ದವನ್ನಷ್ಟೇ ಸರಿಪಡಿಸಬಹುದು. ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿಗೇ ಬೋಲ್ಟಾಗಿದ್ದರೆ ಮೂಲ ಗೇರ್‌ಬಾಕ್ಸನ್ನು ಉಳಿಸಿಕೊಂಡು, ಎಂಜಿನ್ನಿಗೂ ಅದಕ್ಕೂ ನಡುವೆ ಅಡಾಪ್ಟರ್ ಪ್ಲೇಟು ಮಾಡಿಸಬೇಕು.

ಅಡಾಪ್ಟರ್ ಪ್ಲೇಟಿನ ಕೆಲಸ ನೋಡಲು ಸರಳ, ತಪ್ಪಿದರೆ ದುಬಾರಿ. ಕ್ರ್ಯಾಂಕ್‌ಶಾಫ್ಟಿನ ಕೇಂದ್ರವೂ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಕೇಂದ್ರವೂ ಮಿಲಿಮೀಟರಿನ ಹತ್ತನೇ ಭಾಗಗಳ ಲೆಕ್ಕದಲ್ಲಿ ಕೂಡಬೇಕು. ಗ್ಯಾಸ್ ಕಟ್ಟರಿನಲ್ಲಿ ಕೊರೆದು, ಕಣ್ಣಳತೆಯಲ್ಲಿ ತೂತು ಹಾಕಿದ ಪ್ಲೇಟು ಕೆಲವೇ ತಿಂಗಳಲ್ಲಿ ಪೈಲಟ್ ಬೇರಿಂಗನ್ನೂ ಕ್ಲಚ್ ಪ್ಲೇಟನ್ನೂ ತಿಂದುಹಾಕುತ್ತದೆ. ಪ್ಲೇಟನ್ನು ಲೇತಿನಲ್ಲಿ ತಿರುಗಿಸಿ, ಎಂಜಿನ್ನಿಗೆ ಕೂರಿಸಿ, ಕ್ರ್ಯಾಂಕನ್ನು ಕೈಯಿಂದ ತಿರುಗಿಸುತ್ತ ಡಯಲ್ ಗೇಜಿನಿಂದ ಪರೀಕ್ಷಿಸಿ, ಸರಿಯಾದ ಸ್ಥಾನದಲ್ಲಿ ಡವೆಲ್ ಪಿನ್ನುಗಳನ್ನು ಹೊಡೆಯುವುದೇ ಕ್ರಮ.

ಬ್ರೇಕಿನ ವಿಷಯ ಜೀವಕ್ಕೆ ಸಂಬಂಧಿಸಿದ್ದು. ಪೆಟ್ರೋಲ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ತಾನಾಗಿಯೇ ಉಂಟಾಗುವ ವ್ಯಾಕ್ಯೂಮಿನಿಂದ ಬ್ರೇಕ್ ಬೂಸ್ಟರ್ ಕೆಲಸ ಮಾಡುತ್ತದೆ. ಸಾಮಾನ್ಯ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ತಡೆಯುವ ಥ್ರಾಟಲ್ ಇಲ್ಲದ ಕಾರಣ ಆ ವ್ಯಾಕ್ಯೂಮ್ ಇರುವುದಿಲ್ಲ. ಪ್ರತ್ಯೇಕ ವ್ಯಾಕ್ಯೂಮ್ ಪಂಪಿಲ್ಲದೆ ಓಡಿಸಿದರೆ, ಖಾಲಿ ಲಾರಿಯಲ್ಲಿ ನಡೆದೀತು. ಮರ ತುಂಬಿ ಇಳಿಜಾರಿನಲ್ಲಿ ಇಳಿಯುವಾಗ ಪೆಡಲ್ ಕಲ್ಲಾಗುತ್ತದೆ. ಎಂಜಿನ್ ಕೊಳ್ಳುವಾಗಲೇ ವ್ಯಾಕ್ಯೂಮ್ ಪಂಪು ಜೋಡಿಸಿದ ಆಲ್ಟರ್ನೇಟರನ್ನು ಅದರೊಂದಿಗೆ ಪಡೆಯಬೇಕು. ಮಿಲಿಟರಿ ವಾಹನಗಳಲ್ಲಿ ಸಾಮಾನ್ಯವಾಗಿ 24 ವೋಲ್ಟಿನ ವ್ಯವಸ್ಥೆ ಇರುತ್ತದೆ. ತರುವ ಎಂಜಿನ್ನಿನ ಸ್ಟಾರ್ಟರು 12 ವೋಲ್ಟಿನದಾದರೆ ಬ್ಯಾಟರಿ, ದೀಪ, ವೈರಿಂಗ್‌ಗಳ ಲೆಕ್ಕವೂ ಬದಲಾಗುತ್ತದೆ. ಇಂಧನ ಟ್ಯಾಂಕನ್ನು ಪೂರ್ತಿ ತೊಳೆಸಿ, ನಾಜಲ್‌ನಿಂದ ಮರಳುವ ಡೀಸೆಲ್ಲಿಗೆ ರಿಟರ್ನ್ ಲೈನು ಹಾಕಿ, ನೀರು ಬೇರ್ಪಡಿಸುವ ಫಿಲ್ಟರ್ ಅಳವಡಿಸಬೇಕು. ಹಳೆಯ ಟ್ಯಾಂಕಿನ ತುಕ್ಕು ಹೊಸದಾಗಿ ಸೆಟ್ ಮಾಡಿಸಿದ ಪಂಪನ್ನು ಒಂದೇ ದಿನದಲ್ಲಿ ಹಾಳುಮಾಡಬಲ್ಲದು.

ಸಣ್ಣ ಉದ್ಯಮಿಯ ಪಾಲು

ಇಂತಹ ಕೆಲಸಗಳು ಗ್ಯಾರೇಜು, ಲೇತು, ರೇಡಿಯೇಟರ್ ಅಂಗಡಿ, ಪಂಪ್ ಕ್ಯಾಲಿಬ್ರೇಷನ್ ಘಟಕ ಹೀಗೆ ನಾಲ್ಕಾರು ಕೈಗಳಲ್ಲಿ ಹಂಚಿಹೋಗುತ್ತವೆ. ಹಲಗೂರಿನಂತಹ ಊರಿನ ಗ್ಯಾರೇಜಿಗೆ ಯಂತ್ರಗೆಲಸ ಮೈಸೂರಿನಿಂದಲೋ ಬೆಂಗಳೂರಿನ ಪೀಣ್ಯದಿಂದಲೋ ಆಗಿ ಬರಬೇಕು. ವಿವಾದಗಳು ಹುಟ್ಟುವುದೂ ಇಲ್ಲಿಯೇ. ಪ್ಲೇಟು ಕೂರದಿದ್ದರೆ ಅಳತೆ ಕೊಟ್ಟ ಗ್ಯಾರೇಜಿನವರ ತಪ್ಪೋ, ಕಡೆದ ಲೇತಿನವರ ತಪ್ಪೋ? ಕೈಬರಹದ ಚಿತ್ರದಲ್ಲಾದರೂ ಅಳತೆ, ತಾಳಿಕೆ ಮತ್ತು ದಿನಾಂಕ ಬರೆದು ಎರಡೂ ಕಡೆಯವರು ಸಹಿ ಮಾಡಿದ ಕಾಗದ ಈ ಪ್ರಶ್ನೆಗೆ ಉತ್ತರಿಸುತ್ತದೆ. ಅನುಮತಿ ಪತ್ರದ ಪ್ರತಿ ನೋಡದೆ ಎಂಜಿನ್ ಬದಲಾಯಿಸುವ ಕೆಲಸವನ್ನು ಒಪ್ಪಿಕೊಳ್ಳದಿರುವುದು ಗ್ಯಾರೇಜಿನ ಮಾಲೀಕನಿಗೂ ರಕ್ಷಣೆ. ಕೆಲಸ ಮುಗಿದ ಮೇಲೆ ಹಳೆಯ ಎಂಜಿನ್ನನ್ನು ಗುಜರಿಗೆ ಹಾಕುವ ಆತುರ ಬೇಡ. ಅನುಮತಿ ಅಂತಿಮವಾಗಿ ದಾಖಲಾಗುವವರೆಗೆ ಅದನ್ನು ಗ್ರೀಸು ಹಚ್ಚಿ ತೆಗೆದಿಡಬೇಕು.

ಈಗ ಹಲಗೂರಿನ ಗುತ್ತಿಗೆದಾರನ ಲಾರಿಗೆ ಹಿಂದಿರುಗೋಣ. ಅವನ ನೋಂದಣಿ ಪತ್ರದಲ್ಲಿ ಪೆಟ್ರೋಲ್ ಎಂದಿದ್ದು, ವರ್ಷದ ಓಟ 1,500 ಕಿ.ಮೀ. ಮಾತ್ರವಾದರೆ ಮೂಲ ಎಂಜಿನ್ನನ್ನೇ ದುರಸ್ತಿ ಮಾಡಿಸುವುದು ಸರಿ. ಓಟ ಹೆಚ್ಚಿದ್ದು ಲಿಖಿತ ಅನುಮತಿ ದೊರೆತರೆ, ಮೂಲಶಕ್ತಿಗೆ ಸಮೀಪದ ನಾಲ್ಕು ಸಿಲಿಂಡರಿನ ಎಂಜಿನ್ ಮತ್ತು ಗೇರ್‌ಬಾಕ್ಸಿನ ಸೆಟ್ಟು ಸರಿ. ಓಟ ಹೆಚ್ಚಿದ್ದು ಅನುಮತಿ ದೊರೆಯದಿದ್ದರೆ ಆ ಲಾರಿಯನ್ನು ಕೊಳ್ಳದಿರುವುದೇ ಸರಿ. ಅದೇ ಹಣ ನಾಲ್ಕು ಗಾಲಿಗಳ ಚಾಲನೆಯ ಹಳೆಯ ಟ್ರ್ಯಾಕ್ಟರಿಗೆ ಮುಂಗಡವಾದೀತು. ಮೂರು ಉತ್ತರಗಳಲ್ಲಿ ಯಾವುದು ತನ್ನದೆಂದು ತಿಳಿಯಲು ಅವನಿಗೆ ಬೇಕಾದದ್ದು ಒಂದು ನೋಂದಣಿ ಪತ್ರ, ಒಂದು ಅಳತೆಪಟ್ಟಿ ಮತ್ತು ಒಂದು ಹಾಳೆ ಕಾಗದ. ಚೈನ್ ಪುಲ್ಲಿಯನ್ನು ಬಾಡಿಗೆಗೆ ತರುವುದು ಅನಂತರದ ಮಾತು.